ಖಾತ್ರಿಯಾದರೆ ಮಾತ್ರ ಒತ್ತುವವರ ಊರಿನಲ್ಲಿ

ಮಳವಳ್ಳಿ

ನಾನು ಕಿವಿ ನೋಡುವವಳು ಎಂದರೆ ನಮ್ಮ ಕಡೆ ಅರ್ಧ ಜನ ಕಿವಿ ಚುಚ್ಚುವವಳು ಎಂದುಕೊಳ್ಳುತ್ತಾರೆ, ಇನ್ನರ್ಧ ಜನ ಗುಗ್ಗೆ ತೆಗೆಯುವವಳು ಎಂದುಕೊಳ್ಳುತ್ತಾರೆ. ಆಡಿಯಾಲಜಿಸ್ಟ್ ಎಂದು ಬಾಯ್ತುಂಬ ಹೇಳಿಕೊಂಡರೆ ಡಾಕ್ಟರೋ ನರ್ಸೋ ಎಂಬ ಪ್ರಶ್ನೆ ಬರುತ್ತದೆ. ಎರಡೂ ಅಲ್ಲ. ಯಾರಿಗೆ ಎಷ್ಟು ಕೇಳುತ್ತದೆ ಎಂದು ಅಳೆಯುವುದು, ಕೇಳದವರಿಗೆ ಕಿವಿ ಮಿಷಿನ್ನು ಹೊಂದಿಸಿಕೊಡುವುದು, ಕೇಳದೆ ಹುಟ್ಟಿದ ಕೂಸುಗಳನ್ನು ಬೇಗ ಪತ್ತೆ ಹಚ್ಚುವುದು, ಇಷ್ಟೇ ನನ್ನ ಕೆಲಸ. ಮೈಸೂರಿನಲ್ಲಿ ಓದಿ ಬಂದು ಮಂಡ್ಯದ ಒಂದು ಸಣ್ಣ ಆಸ್ಪತ್ರೆಗೆ ಸೇರಿಕೊಂಡೆ. ವಾರದಲ್ಲಿ ಒಂದು ದಿನ ಮದ್ದೂರು, ಒಂದು ದಿನ ಮಳವಳ್ಳಿ. ಪರೀಕ್ಷೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ಓಡಾಟ.

ಈ ಕೆಲಸಕ್ಕೆ ನನ್ನನ್ನು ಎಳೆದವಳು ಸುಮ. ಅವಳು ನನ್ನ ಚಿಕ್ಕಪ್ಪನ ಮಗಳು, ನನಗಿಂತ ಚಿಕ್ಕವಳು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಮಾತು ಬರುವುದು ತಡ, ಅವರಪ್ಪನಿಗೂ ತಡವೇ ಆಗಿತ್ತು ಎಂದು ಹೇಳಿಕೊಂಡು ಮನೆಯವರೆಲ್ಲ ಕಾದರು. ನಿಜ ಗೊತ್ತಾಗುವ ಹೊತ್ತಿಗೆ ಓರಗೆಯ ಮಕ್ಕಳು ಶಾಲೆಯಲ್ಲಿ ಪದ್ಯ ಹೇಳುತ್ತಿದ್ದರು. ಆಗಲೇ ಮೈಸೂರಿಗೆ ಕರೆದುಕೊಂಡು ಹೋದರೂ ಮಾತು ಕಲಿಯುವ ಕಾಲ ಕೈಬಿಟ್ಟು ಹೋಗಿತ್ತು. ಅವಳೂ ನಾನೂ ಚಿಕ್ಕಂದಿನಿಂದ ಕೈಸನ್ನೆಯಲ್ಲೇ ಜಗಳವಾಡಿ ಬೆಳೆದವರು.

ಚಿಕ್ಕಪ್ಪನಿಗೆ ಮಳವಳ್ಳಿ ಬಸ್ ಸ್ಟ್ಯಾಂಡಿನ ಎದುರು ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿಯಿದೆ. ಸುಮ ಈಗ ಅಲ್ಲೇ ಕೂತು ತಂತಿ ಸುತ್ತುತ್ತಾಳೆ. ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇದೆ. ಟೈಲರು ಕೇಳಿದರು, ಮೊಬೈಲ್ ರಿಪೇರಿಯವರು ಕೇಳಿದರು, ಟ್ಯೂಷನ್ ಮೇಷ್ಟ್ರು ಕೇಳಿದರು. ಎಲ್ಲರಿಗೂ ಚಿಕ್ಕಪ್ಪನದು ಒಂದೇ ಉತ್ತರ: “ಅದು ಕಿವಿ ರೂಮು ಕಣಪ್ಪ. ನಮ್ಮಣ್ಣನ್ ಉಡುಗಿ ಮಡಗ್ತಾಳೆ.” ತಾಲ್ಲೂಕಿನ ಯಾವ ಕೂಸಿಗೂ ಸುಮಳ ಹಾಗೆ ತಡವಾಗಬಾರದು ಎಂದು ಅವರ ಹಟ.

ಆದರೆ ಕೋಣೆಯೊಂದಿದ್ದರೆ ಸಾಲದು. ಹೊರಗಿನ ಸದ್ದು ಬಾರದ ಪರೀಕ್ಷೆಯ ಗೂಡು ಬೇಕು, ಒಳ್ಳೆಯ ಯಂತ್ರಗಳು ಬೇಕು. ಸಣ್ಣ ಊರುಗಳಿಗೆ ಇವನ್ನು ಕೊಡುವ ಒಂದು ಸಂಸ್ಥೆ ನನ್ನ ಹೆಸರನ್ನು ಒಪ್ಪಿತು. ಅದಕ್ಕೊಂದು ಷರತ್ತಿತ್ತು. ಫಿನ್‌ಲೆಂಡಿನ ಒಂದು ಕಿವಿ ಚಿಕಿತ್ಸಾಲಯದಲ್ಲಿ ಒಂದು ತಿಂಗಳು ಕೆಲಸ ಮಾಡಬೇಕು. ಅಲ್ಲಿನ ಹಿರಿಯರು ಇವಳು ಒಬ್ಬಳೇ ನಿಭಾಯಿಸುತ್ತಾಳೆ ಎಂದು ಹೇಳಬೇಕು. ಹೇಳದಿದ್ದರೆ ಕೋಣೆ ಟೈಲರಿಗೆ, ನಾನು ಬೆಂಗಳೂರಿಗೆ. ಅಲ್ಲಿ ಕಿವಿ ಮಿಷಿನ್ನು ಮಾರುವ ಅಂಗಡಿಯೊಂದು ನನಗೆ ಕೆಲಸ ಇಟ್ಟುಕೊಂಡು ಕಾಯುತ್ತಿತ್ತು. ತಿಂಗಳಿಗೆ ಇಷ್ಟು ಮಾರಲೇಬೇಕು ಎಂಬ ಕೆಲಸ ಅದು.

ಹೊರಡುವ ದಿನ ಬಸ್ಸಿನ ಕಿಟಕಿಗೆ ಬಾಯಿಟ್ಟು ಚಿಕ್ಕಪ್ಪ ಬುದ್ಧಿ ಹೇಳಿದರು. “ನೋಡವ್ವ, ಅವ್ರು ಏನಾರ ಅಂದ್ರೆ ಎದುರ್ ಮಾತಾಡ್ಬ್ಯಾಡ. ನಮ್ ಮಂಡ್ಯದ್ ಬಾಯ್ನ ಇಲ್ಲೇ ಬುಟ್ಟೋಗು.” ಅವರು ಅದನ್ನು ಹೇಳಿದ ದನಿಗೆ ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು.

ಹೆಲ್ಸಿಂಕಿಯಿಂದ ಉತ್ತರಕ್ಕೆ

ಹೆಲ್ಸಿಂಕಿಯಲ್ಲಿ ವಿಮಾನ ಇಳಿದು ಮಿಕ್ಕೆಲಿ ಎಂಬ ಊರಿಗೆ ರೈಲು ಹತ್ತಿದೆ. ಕಾಡು ಮುಗಿದರೆ ಕೆರೆ, ಕೆರೆ ಮುಗಿದರೆ ಕಾಡು. ಇಷ್ಟು ನೀರು ಸುಮ್ಮನೆ ಬಿದ್ದಿರುವುದನ್ನು ನೋಡಿ ನಾಲೆಯ ಸೀಮೆಯವಳಾದ ನನಗೆ ಹೊಟ್ಟೆ ಉರಿಯಿತು. ಯಾವ ದಡದಲ್ಲೂ ಒಂದು ಗದ್ದೆಯಿಲ್ಲ, ಒಂದು ಪಂಪ್‌ಸೆಟ್ಟಿನ ಸದ್ದಿಲ್ಲ.

ಬೋಗಿಯಲ್ಲಿ ಜನರಿದ್ದರು, ಮಾತಿರಲಿಲ್ಲ. ಮದ್ದೂರಿನಲ್ಲಿ ಬಸ್ಸು ಹತ್ತಿದರೆ ಮಳವಳ್ಳಿ ಬರುವಷ್ಟರಲ್ಲಿ ಪಕ್ಕದ ಸೀಟಿನವರಿಗೆ ನಾನು ಯಾರ ಮಗಳು, ಯಾವ ಊರಿನ ಸೊಸೆಯಾಗಬಹುದು, ನಮಗೆಷ್ಟು ಎಕರೆ ಎಂಬುದೆಲ್ಲ ತಿಳಿದಿರುತ್ತದೆ. ಇಲ್ಲಿ ನನ್ನ ಪಕ್ಕದಲ್ಲಿ ಕೂತ ಹೆಂಗಸು ಒಮ್ಮೆ ನನ್ನ ಕಡೆ ನೋಡಿ ಪುಸ್ತಕ ತೆರೆದವಳು ಆಮೇಲೆ ತಲೆಯನ್ನೇ ಎತ್ತಲಿಲ್ಲ. ನನಗೆ ಬಾಯಿ ಕಟ್ಟಿಹಾಕಿದಂತಾಯಿತು.

ಅಷ್ಟರಲ್ಲಿ ನನ್ನ ಫೋನು ಕೂಗಿತು. ಚಿಕ್ಕಪ್ಪ. ಇಡೀ ದಿನ ಮೋಟರುಗಳ ನಡುವೆ ಇರುವ ಅವರು ಫೋನಿನಲ್ಲೂ ಮೋಟರಿನ ಮೇಲೆ ಕೂಗಿದಂತೆಯೇ ಕೂಗುವುದು. ತಲುಪಿದೆಯಾ, ಚಳಿಯಾ, ಅನ್ನ ಸಿಕ್ಕಿತಾ ಎಂದು ಅವರು ಕೇಳಿದ್ದು ಬೋಗಿಯ ಕೊನೆಯವರೆಗೂ ಕೇಳಿಸಿತು. ನಾನೂ ಅದೇ ದನಿಯಲ್ಲಿ ಉತ್ತರ ಕೊಟ್ಟು ಫೋನಿಟ್ಟೆ. ಆಮೇಲೆ ಗಾಜಿನ ಬಾಗಿಲ ಮೇಲೆ ತುಟಿಗೆ ಬೆರಳಿಟ್ಟುಕೊಂಡ ಚಿತ್ರ ಕಂಡಿತು. ಅದು ಸದ್ದು ಮಾಡಬಾರದವರ ಬೋಗಿ. ಯಾರೂ ನನಗೆ ಒಂದು ಮಾತು ಹೇಳಲಿಲ್ಲ, ಯಾರೂ ಮುಖ ಸಿಂಡರಿಸಲಿಲ್ಲ. ಎಲ್ಲರೂ ಕಿಟಕಿಯಾಚೆಯ ಕೆರೆ ನೋಡತೊಡಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು.

ಮಿಕ್ಕೆಲಿ, ಮೊದಲ ದಿನಗಳು

ನನ್ನನ್ನು ಒರೆಗೆ ಹಚ್ಚಬೇಕಾದವರ ಹೆಸರು ಮಾರ್ಯ. ಐವತ್ತು ದಾಟಿದ ಎತ್ತರದ ಹೆಂಗಸು, ಗಿಡ್ಡ ಕತ್ತರಿಸಿದ ಬೆಳ್ಳಿ ಕೂದಲು. ನಾನು ಮೇಡಂ ಎಂದು ಕರೆದಾಗ ಯಾರನ್ನು ಕರೆದಳು ಎಂದು ಹಿಂದೆ ತಿರುಗಿ ನೋಡಿದರು. ಇಲ್ಲಿ ದೊಡ್ಡ ಡಾಕ್ಟರನ್ನೂ ಬರೀ ಹೆಸರಿನಲ್ಲಿ ಕರೆಯುತ್ತಾರೆ. ನನ್ನ ನಾಲಿಗೆ ಅದಕ್ಕೆ ಹೊರಳಲು ಒಂದು ವಾರ ಹಿಡಿಯಿತು.

ಬೆಳಿಗ್ಗೆ ಸಿಕ್ಕವರನ್ನು ‘ತಿಂಡಿ ಆಯ್ತಾ’ ಎಂದು ಕೇಳದೆ ಮುಂದೆ ಹೋಗುವುದು ನನ್ನಿಂದಾಗದ ಮಾತು. ಇಂಗ್ಲಿಷಿನಲ್ಲಿ ಅದನ್ನೇ ಕೇಳಿದೆ. ಮಾರ್ಯ ನಿಂತು, ಯೋಚಿಸಿ, ಓಟ್ಸ್ ಗಂಜಿ ತಿಂದೆ, ಮೇಲೆ ಹಣ್ಣು ಹಾಕಿಕೊಂಡಿದ್ದೆ ಎಂದು ವಿವರವಾಗಿ ಹೇಳಿದರು. ಮರುದಿನವೂ ಕೇಳಿದೆ, ಅದರ ಮರುದಿನವೂ ಕೇಳಿದೆ. ನಾಲ್ಕನೆಯ ದಿನ ನನ್ನ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಬ್ರೆಡ್ಡು ಬೆಣ್ಣೆ ಇತ್ತು. ಪಾಪ, ಈ ಹುಡುಗಿ ಹಸಿದುಕೊಂಡು ಬರುತ್ತಿದ್ದಾಳೆ, ಬಾಯಿಬಿಟ್ಟು ಹೇಳಲು ನಾಚಿಕೆ ಎಂದು ಅವರು ತಿಳಿದುಕೊಂಡಿದ್ದರು. ಕಪ್ಪಗೆ, ಹುಳಿ ಹುಳಿಯಾಗಿ, ಕಲ್ಲಿನಂತಿದ್ದ ಆ ಬ್ರೆಡ್ಡು ನಮ್ಮ ರಾಗಿಗೆ ದೂರದ ನೆಂಟನಂತಿತ್ತು. ನಾನು ತಿಂದೆ, ರುಚಿ ಹತ್ತಿತು, ನಿಜ ಹೇಳುವ ಗೋಜಿಗೆ ಹೋಗಲಿಲ್ಲ.

ಇನ್ನೊಂದು ವಿಚಿತ್ರ. ಇಲ್ಲಿನ ಕೆಲವರು, ಅದರಲ್ಲೂ ಹೆಂಗಸರು, ಹೌದು ಎನ್ನುವುದನ್ನು ಉಸಿರು ಒಳಗೆ ಎಳೆದುಕೊಂಡು ಹೇಳುತ್ತಾರೆ. ಮೊದಲ ಸಲ ಮಾರ್ಯ ಹಾಗೆ ಎಳೆದಾಗ ಹಸಿಮೆಣಸಿನಕಾಯಿ ಕಡಿದರೇನೋ ಎಂದು ನೀರಿನ ಲೋಟ ಮುಂದಿಟ್ಟೆ. ಕಾಫಿಯ ಜೊತೆ ಕೊಡುವ ದಾಲ್ಚಿನ್ನಿ ಬನ್ನಿಗೆ ಇವರು ಇಟ್ಟಿರುವ ಹೆಸರಿನ ಅರ್ಥ ‘ಕಿವಿಗೆ ಏಟು’ ಅಂತೆ. ಕಿವಿಯ ಆಸ್ಪತ್ರೆಯಲ್ಲಿ ದಿನವೂ ಕಿವಿಯೇಟು ತಿನ್ನುತ್ತಿದ್ದೇವೆ ಎಂದು ನಾನು ನಕ್ಕರೆ ಮಾರ್ಯ ಅದರಲ್ಲಿ ನಗುವುದೇನಿದೆ ಎಂಬಂತೆ ನೋಡಿದರು. ಮಧ್ಯಾಹ್ನ ಕಳೆದ ಮೇಲೆ, ಒಬ್ಬರೇ ಕೂತು ಕೆಲಸ ಮಾಡುತ್ತಿದ್ದಾಗ, ಅವರು ಮೆಲ್ಲಗೆ ನಕ್ಕಿದ್ದು ನನಗೆ ಕೇಳಿಸಿತು.

ಕೆಲಸ ಮಾತ್ರ ಎಲ್ಲ ಕಡೆ ಒಂದೇ. ಸದ್ದು ಬಾರದ ಗೂಡಿನಲ್ಲಿ ರೋಗಿಯನ್ನು ಕೂರಿಸಿ ಕಿವಿಗೆ ಹೆಡ್‌ಫೋನು ಹಾಕುತ್ತೇವೆ. ಸಣ್ಣಗೆ ಒಂದು ‘ಕುಂಯ್’ ಸದ್ದು ಕೊಡುತ್ತೇವೆ. ಕೇಳಿದರೆ ಅವರು ಗುಂಡಿ ಒತ್ತಬೇಕು, ನಮ್ಮ ಕಡೆ ದೀಪ ಹತ್ತುತ್ತದೆ. ಸದ್ದನ್ನು ಇಳಿಸುತ್ತ ಹೋಗಿ, ಎಲ್ಲಿಗೆ ಕೇಳುವುದು ನಿಂತಿತು ಎಂದು ನೋಡಿ ಗೆರೆ ಎಳೆಯುತ್ತೇವೆ. ಆ ಗೆರೆ ನೋಡಿಕೊಂಡು ಕಿವಿ ಮಿಷಿನ್ನಿನ ಜೋರು ಎಷ್ಟಿರಬೇಕು ಎಂದು ಹೊಂದಿಸುವುದು.

ಮಂಡ್ಯದಲ್ಲಿ ಗುಂಡಿಯ ಬದಲು ಬೆರಳೆತ್ತಿಸುತ್ತೇನೆ. ಅಲ್ಲಿ ತೊಂದರೆ ಏನೆಂದರೆ ನಮ್ಮ ಜನ ಬೆರಳೆತ್ತುವುದರಲ್ಲಿ ಧಾರಾಳಿಗಳು. ಮಂಡ್ಯದ ಪಕ್ಕದ ಹೊಳಲಿನ ಅಜ್ಜಿಯರು ಪಾಪದ ಹುಡುಗಿ ಇಷ್ಟು ಹೊತ್ತಿಂದ ಒದ್ದಾಡುತ್ತಾಳಲ್ಲ ಎಂದು ಬೆರಳೆತ್ತುತ್ತಾರೆ. ಗಂಡಸರು ‘ನಂಗೇನ್ ಕಿವುಡಾ’ ಎಂಬ ಬಿಂಕಕ್ಕೆ ಎತ್ತುತ್ತಾರೆ. ಹಾಗಾಗಿ ನನಗೊಂದು ಅಭ್ಯಾಸ ಬಿದ್ದುಹೋಗಿತ್ತು. ಸಣ್ಣ ಸದ್ದಿಗೆ ಬಂದ ಬೆರಳನ್ನು ನಂಬುವುದಿಲ್ಲ. ಇನ್ನೂ ಸ್ವಲ್ಪ ಜೋರು ಮಾಡಿ, ಬೆರಳು ತಟ್ಟನೆ ಮೇಲೆದ್ದರೆ ಮಾತ್ರ ಅಲ್ಲಿ ಗೆರೆ ಎಳೆಯುತ್ತೇನೆ. ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಇದು ಸಾಮಾನ್ಯವಾಗಿ ನನ್ನ ಕೈ ಬಿಟ್ಟಿರಲಿಲ್ಲ.

ಏಯ್ನೋ ಅಜ್ಜ

ಏಯ್ನೋ ಎಂಬ ಮುದುಕರು ಮೊದಲ ವಾರದ ಕೊನೆಯಲ್ಲಿ ಬಂದರು. ಮರ ಕೊಯ್ಯುವ ಮಿಲ್ಲಿನಲ್ಲಿ ಜೀವಮಾನ ಕಳೆದವರು. ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ನಿವೃತ್ತರಾದವರ ಕಿವಿಗಳಿರುವ ಹಾಗೆಯೇ ಅವರ ಕಿವಿಗಳೂ ಇದ್ದವು. ಮನಸ್ಸಿನಲ್ಲೇ ಅವರನ್ನು ಅಜ್ಜ ಎಂದು ಕರೆದುಕೊಂಡೆ. ಪರೀಕ್ಷೆಗೆ ಮುಂಚೆ ಹೇಳಬೇಕಾದ ಮಾತನ್ನು ಫಿನ್ನಿಶ್ ಭಾಷೆಯಲ್ಲಿ ಉರುಹೊಡೆದಿದ್ದೆ: ಎಷ್ಟು ಸಣ್ಣಗೆ ಕೇಳಿದರೂ ಗುಂಡಿ ಒತ್ತಿ. ಅಜ್ಜ ತಲೆಯಾಡಿಸಿ ಒಳಗೆ ಹೋಗಿ ಕೂತರು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಒಂದು ಕೂಸು ಅಳತೊಡಗಿ ಮಾರ್ಯ ಅಲ್ಲಿಗೆ ಹೋದರು.

ಅಜ್ಜ ಗುಂಡಿ ಒತ್ತುವುದು ನೋಡಲು ಚೆಂದ. ತಡವಾಗಿ, ಗಟ್ಟಿಯಾಗಿ, ಮುದ್ರೆ ಒತ್ತಿದ ಹಾಗೆ ಒತ್ತುತ್ತಿದ್ದರು. ನಾನು ಅಭ್ಯಾಸದಂತೆ ಅದರ ಮೇಲೂ ಸ್ವಲ್ಪ ಸೇರಿಸಿ ಗೆರೆ ಎಳೆದೆ, ಆ ಗೆರೆಗೆ ಸರಿಯಾಗಿ ಮಿಷಿನ್ನು ಹೊಂದಿಸಿದೆ. ಮಾರ್ಯ ಬಂದವರು ಗೆರೆ ನೋಡಿ ಒಪ್ಪಿದರು. ಹೇಗಿದೆ ಎಂದು ಕೇಳಿದ್ದಕ್ಕೆ ಅಜ್ಜ ಚೂರು ಯೋಚಿಸಿ ಕೇಳುತ್ತದೆ ಎಂದರು. ಕೈ ಕುಲುಕಿ ಹೊರಟರು. ನನ್ನ ಮೊದಲ ಫಿನ್ನಿಶ್ ಅಜ್ಜ ಎಂದು ಆ ಸಂಜೆ ಕೆರೆ ದಂಡೆಯಲ್ಲಿ ಒಂದು ಹಾಡು ಗುನುಗಿಕೊಂಡೇ ನಡೆದೆ.

ಎರಡು ವಾರದ ಮೇಲೆ ಗೊತ್ತು ಮಾಡಿದ ದಿನಕ್ಕೆ ಬಂದು ಅಜ್ಜ ಮಿಷಿನ್ನನ್ನು ಡಬ್ಬಿಯೊಳಗಿಟ್ಟೇ ಮೇಜಿನ ಮೇಲಿಟ್ಟರು. ಹೇಗಿತ್ತು ಎಂದು ಮಾರ್ಯ ಕೇಳಿದರು. ಸಹಿಸಿಕೊಳ್ಳಬಹುದು ಎಂದರು ಅಜ್ಜ. ಮಾರ್ಯ ಸುಮ್ಮನೆ ಕಾದರು. ಆ ಮೌನದೊಳಗಿಂದ ಒಂದೊಂದೇ ಮಾತು ಹೊರಬಂತು. ಪತ್ರಿಕೆಯ ಪುಟ ತಿರುವಿದರೆ ತಗಡು ಹರಿದಂತೆ ಆಗುತ್ತದಂತೆ. ತಟ್ಟೆಗೆ ಚಮಚ ತಾಗಿದರೆ ತಲೆಯೊಳಗೆ ಬಡಿದಂತೆ ಆಗುತ್ತದಂತೆ. ಅದಕ್ಕೆ ಅವರ ಹೆಂಡತಿ ಐಲಿ ಮನೆಯ ಚಮಚಗಳನ್ನೆಲ್ಲ ಕಟ್ಟಿಟ್ಟು ಮರದ ಚಮಚ ತಂದಿದ್ದಾರೆ. ಇಬ್ಬರೂ ಎರಡು ವಾರದಿಂದ ಮರದ ಚಮಚದಲ್ಲೇ ಉಣ್ಣುತ್ತಿದ್ದಾರೆ.

ಮೊದಲೇ ಬಂದು ಹೇಳಬಾರದಿತ್ತೇ ಎಂದು ಮಾರ್ಯರ ಮೂಲಕ ಕೇಳಿದೆ. ಇವತ್ತು ಬರಬೇಕು ಎಂದು ನೀವೇ ಹೇಳಿದ್ದಿರಲ್ಲ ಎಂದರು. ನನಗೆ ಶಿವಪುರದ ಒಬ್ಬ ಯಜಮಾನರು ನೆನಪಾದರು. ಮಂಡ್ಯದಲ್ಲಿ ಮಿಷಿನ್ನು ಕೊಟ್ಟ ಮರುದಿನ ಬೆಳಿಗ್ಗೆ ಅವರು ಮದ್ದೂರಿನಲ್ಲಿ ನಾನು ಬಸ್ಸಿಳಿಯುವ ಜಾಗಕ್ಕೇ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದು, “ಕಿವಿಯೊಳ್ಗೆ ಸಂತೆ ಕೂರ್ಸಿದ್ದೀಯಲ್ಲವ್ವ, ಮೊದ್ಲು ಇದ್ನ ಕಿತ್ತಾಕು” ಎಂದು ದಾರಿಯಲ್ಲೇ ಪಂಚಾಯ್ತಿ ಹೂಡಿದ್ದರು. ಅಲ್ಲಿಯೇ ನಿಂತು ಸರಿ ಮಾಡಿಕೊಟ್ಟೆ. ಅದೇ ತಪ್ಪಿಗೆ ಇಲ್ಲಿ ಇಬ್ಬರು ಮುದುಕರು ಸದ್ದಿಲ್ಲದೆ ಚಮಚ ಬದಲಾಯಿಸಿಕೊಂಡಿದ್ದರು. ನನಗೆ ಅಳುವೇ ಬಂದಂತಾಯಿತು.

ಸೋಮವಾರ ಬನ್ನಿ, ಅಲ್ಲಿಯವರೆಗೆ ಇದನ್ನು ಹಾಕಿಕೊಳ್ಳಬೇಡಿ ಎಂದು ಮಾರ್ಯ ಅಜ್ಜನನ್ನು ಕಳಿಸಿದರು. ನನ್ನ ಗೆರೆಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಕಾಫಿಗೆ ಹೋಗೋಣ ಎಂದರು, ಅಷ್ಟೆ.

ಹಬೆಯ ಕೋಣೆ

ಶನಿವಾರ ಮಾರ್ಯ ತಮ್ಮ ಮನೆಯ ಸೌನಾಕ್ಕೆ ಕರೆದರು. ಕಾದ ಕಲ್ಲುಗಳ ಮೇಲೆ ನೀರು ಸುರಿದು ಆ ಹಬೆಯಲ್ಲಿ ಬೆವರುತ್ತ ಕೂರುವ ಮರದ ಕೋಣೆ ಅದು. ಬಟ್ಟೆ ಹಾಕಿಕೊಳ್ಳುವ ಪದ್ಧತಿಯಿಲ್ಲ ಎಂದು ಮೊದಲೇ ಕೇಳಿದ್ದೆ. ಆದರೂ ಹುಟ್ಟಿದ ಊರಿನ ಮರ್ಯಾದೆ ಬಿಡಲಿಲ್ಲ, ಹೂವಿನ ನೈಟಿ ತೊಟ್ಟುಕೊಂಡೇ ಒಳಗೆ ಹೋದೆ. ಹಬೆಗೆ ನೈಟಿ ಒದ್ದೆಯಾಗಿ ಮೈಗೆ ಮೆತ್ತಿಕೊಂಡು, ನಾನು ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬಿನಂತಾದೆ. ಮಾರ್ಯ ಅದರ ಬಗ್ಗೆಯೂ ಏನೂ ಅನ್ನಲಿಲ್ಲ. ಇನ್ನೊಂದು ಚೊಂಬು ನೀರು ಸುರಿದರು.

ನನಗೆ ಮೂರು ದಿನದಿಂದ ಅನ್ನ ನೀರು ಸೇರಿರಲಿಲ್ಲ. ನಮ್ಮಲ್ಲಿ ತಪ್ಪು ಮಾಡಿದರೆ ಮೇಲಿನವರು ಬಾಯಿಗೆ ಬಂದಂತೆ ಬೈಯುತ್ತಾರೆ, ಅರ್ಧ ಗಂಟೆಯಲ್ಲಿ ಅವರೇ ಟೀ ತರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಈ ಮೌನಕ್ಕೆ ತುದಿ ಬುಡ ಯಾವುದೂ ಸಿಗುತ್ತಿರಲಿಲ್ಲ. ಚಿಕ್ಕಪ್ಪನ ಬುದ್ಧಿಮಾತನ್ನು ಆ ಬಿಸಿಯಲ್ಲೇ ಆವಿ ಮಾಡಿ ಕೇಳಿಯೇಬಿಟ್ಟೆ. ಬೈಯುವುದಿದ್ದರೆ ಬೈದುಬಿಡಿ, ನನಗೆ ತಡೆಯಲಾಗುತ್ತಿಲ್ಲ ಎಂದೆ.

ಮಾರ್ಯ ನಿಜವಾಗಿಯೂ ಬೆರಗಾದರು. “ನಾನು ಬೈದರೆ ಅವರಿಗೆ ಕೇಳುವುದು ಸರಿಹೋಗುತ್ತದೆಯೇ? ಸೋಮವಾರ ನೀನೇ ಮತ್ತೆ ಪರೀಕ್ಷೆ ಮಾಡು.”

ನನ್ನ ಬಗ್ಗೆ ಸಂಸ್ಥೆಯವರಿಗೆ ಏನು ಹೇಳುತ್ತೀರಿ ಎಂದು ಕೇಳಿದೆ.

“ಇನ್ನೂ ಏನೂ ಹೇಳಿಲ್ಲ,” ಎಂದರು. “ಇನ್ನೂ ನೋಡುತ್ತಿದ್ದೇನೆ.”

ಆಮೇಲೆ ಅವರು ಎದ್ದು ಹೋಗಿ ತಣ್ಣನೆಯ ಕೆರೆಗೆ ಧುಮುಕಿದರು. ನಾನು ಮೆಟ್ಟಿಲ ಮೇಲೆ ನೈಟಿ ಹಿಂಡುತ್ತ ಕೂತೆ. ಮೇಲಿನ ಕೋಣೆಯನ್ನು ಟೈಲರಿಗೆ ಕೊಟ್ಟುಬಿಡಿ ಎಂದು ಚಿಕ್ಕಪ್ಪನಿಗೆ ಯಾವ ಬಾಯಲ್ಲಿ ಹೇಳುವುದು ಎಂಬ ಯೋಚನೆ ಹತ್ತಿಕೊಂಡಿತ್ತು.

ಸೋಮವಾರ, ಗೂಡಿನ ಮುಂದೆ

ಸೋಮವಾರ ಅಜ್ಜ ಬಂದರು. ಮಾರ್ಯ ಕೈಕಟ್ಟಿಕೊಂಡು ಗೋಡೆಯ ಬದಿಯಲ್ಲಿ ಕೂತರು. ಈ ಸಲ ನಾನು ಏನನ್ನೂ ಸೇರಿಸದೆ, ಅಜ್ಜ ಒತ್ತಿದ ಕಡೆಯೇ ಗೆರೆ ಎಳೆದೆ. ಗೆರೆ ಸ್ವಲ್ಪ ಸುಧಾರಿಸಿತು. ಆದರೆ ಚಮಚದ ಸದ್ದು ತಲೆಗೆ ಬಡಿಯುವಷ್ಟು ಜೋರಾಗಿರಲು ಆ ಸ್ವಲ್ಪವೇ ಕಾರಣವಾಗಿರಲಾರದು. ಅಜ್ಜನಿಗೆ ಗೆರೆ ತೋರಿಸುವುದಕ್ಕಿಂತ ಚೆನ್ನಾಗಿ ಕೇಳುತ್ತಿರಲೇಬೇಕು. ಮತ್ತೆ ಮಾಡಿದೆ, ಮತ್ತೆ ಅಷ್ಟೇ ಬಂತು.

ಆಗ ಗಾಜಿನಾಚೆ ಅಜ್ಜನ ಮುಖ ನೋಡಿದೆ. ಸಣ್ಣ ಸದ್ದು ಕೊಟ್ಟಾಗ ಅವರ ಹುಬ್ಬು ಒಂದಿಷ್ಟು ಕದಲುತ್ತಿತ್ತು. ಬೆರಳು ಮಾತ್ರ ಕದಲುತ್ತಿರಲಿಲ್ಲ. ಗೂಡಿನ ಬಾಗಿಲು ತೆಗೆದು, ಒತ್ತುವ ಮುಂಚೆ ಏನನ್ನು ಕಾಯುತ್ತೀರಿ ಎಂದು ಮಾರ್ಯರಿಂದ ಕೇಳಿಸಿದೆ.

ಅಜ್ಜ ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. “ಖಾತ್ರಿಯಾಗಲಿ ಎಂದು ಕಾಯುತ್ತೇನೆ. ಕೇಳಿತೋ ಇಲ್ಲವೋ ಗೊತ್ತಿಲ್ಲದೆ ಒತ್ತಿದರೆ ಸುಳ್ಳು ಹೇಳಿದ ಹಾಗಲ್ಲವೇ?”

ಹೊಳಲಿನಲ್ಲಿ ಇಲ್ಲ ಎನ್ನಲು ಬಾರದವರ ಕೈಯಲ್ಲಿ ಕಲಿತು, ಹೌದು ಎನ್ನಲು ಇಷ್ಟು ಯೋಚಿಸುವವರ ಊರಿಗೆ ಬಂದಿದ್ದೆ. ತಪ್ಪಾದರೂ ಪರವಾಗಿಲ್ಲ ಒತ್ತಿ ಎಂದು ಮಾರ್ಯ ಅವರಿಗೆ ಫಿನ್ನಿಶ್‌ನಲ್ಲಿ ಹೇಳಿದರು. ಅಜ್ಜ ಮರ್ಯಾದೆಯಿಂದ ತಲೆಯಾಡಿಸಿದರು. ಜೀವಮಾನವಿಡೀ ಸುಳ್ಳು ಹೇಳದವರಿಗೆ ಈಗ ಹೇಳಿ ಎಂದರೆ ಆಗುತ್ತದೆಯೇ? ಮತ್ತೆ ಅದೇ ಕಾಯುವಿಕೆ.

ನಮ್ಮ ಕಡೆ ಹಳ್ಳಿಯ ಹೆಂಗಸರು ಗೂಡಿಗೆ ಹೆದರಿದರೆ ನಾನು ಒಂದು ಉಪಾಯ ಮಾಡುತ್ತೇನೆ. ಮೊದಲು ನಾನೇ ಕೂತು, ಪರೀಕ್ಷೆ ಮಾಡುವುದನ್ನು ಅವರ ಕೈಗೇ ಕೊಡುತ್ತೇನೆ. ಅಜ್ಜನನ್ನು ಕೈಹಿಡಿದು ಹೊರಗೆ ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಸದ್ದು ಕೊಡುವ ಗುಂಡಿ ಯಾವುದು, ನಾನು ಒತ್ತಿದರೆ ಹತ್ತುವ ದೀಪ ಯಾವುದು ಎಂದು ತೋರಿಸಿದೆ. ಆಮೇಲೆ ಹೆಡ್‌ಫೋನು ಹಾಕಿಕೊಂಡು ಒಳಗೆ ಹೋಗಿ ಕೂತೆ.

ಅಜ್ಜ ಒಂದೊಂದೇ ಸದ್ದು ಕಳಿಸಿದರು. ನಾನು ಅನುಮಾನ ಬಂದರೂ ಒತ್ತಿದೆ, ಕೇಳಿಸಿತೇನೋ ಎನಿಸಿದರೂ ಒತ್ತಿದೆ. ಅಜ್ಜ ಕೈ ಹಿಂದೆಳೆದು ಏನೂ ಕಳಿಸದೆ ಕೂತಿದ್ದಾಗಲೂ ಒಮ್ಮೆ ಒತ್ತಿದೆ. ದೀಪ ಹತ್ತಿತು. ಅವರು ತಮ್ಮ ಕೈ ನೋಡಿಕೊಂಡರು, ದೀಪ ನೋಡಿದರು, ನನ್ನನ್ನು ನೋಡಿದರು. ನಾನು ನಾಲಿಗೆ ಕಚ್ಚಿಕೊಂಡೆ. ಗಾಜಿನಾಚೆ ಅವರ ಹೆಗಲು ಕುಣಿಯತೊಡಗಿತು. ಅಷ್ಟು ದಿನದಲ್ಲಿ ಅಜ್ಜ ನಕ್ಕಿದ್ದು ಅದೇ ಮೊದಲು.

ಹೊರಬಂದು ಮಾರ್ಯರ ಮೂಲಕ ಹೇಳಿದೆ. “ನೋಡಿದಿರಲ್ಲ, ನಾನೂ ಸುಮ್ಮಸುಮ್ಮನೆ ಒತ್ತಿದೆ. ಯಾವುದು ನಿಜ, ಯಾವುದು ಸುಳ್ಳು ಎಂದು ಆರಿಸುವುದು ನನ್ನ ಕೆಲಸ. ನಿಮ್ಮದು ಒತ್ತುವುದಷ್ಟೇ.”

ಮತ್ತೆ ಒಳಗೆ ಕೂತ ಅಜ್ಜ ಈ ಸಲ ಒತ್ತಿದರು. ಹುಬ್ಬು ಕದಲಿದಾಗಲೆಲ್ಲ ಒತ್ತಿದರು. ಒತ್ತುವುದರ ರುಚಿ ಹತ್ತಿ ಕೆಲವು ಸಲ ಹೆಚ್ಚಿಗೆಯೇ ಒತ್ತಿದರು. ಸುಳ್ಳು ಒತ್ತುಗಳು ಬರತೊಡಗಿದ ಮೇಲೆ ನನಗೆ ತವರಿಗೆ ಬಂದಂಥ ನೆಮ್ಮದಿ. ಎಲ್ಲಿ ಸದ್ದು ಕೊಡದೆ ಕಾಯಬೇಕು, ಯಾವುದನ್ನು ಎರಡು ಸಲ ಕೇಳಬೇಕು, ಯಾವ ದೀಪವನ್ನು ಬಿಟ್ಟುಬಿಡಬೇಕು, ಇದನ್ನೆಲ್ಲ ನನಗೆ ಹೊಳಲಿನ ಅಜ್ಜಿಯರು ವರ್ಷಗಟ್ಟಲೆ ಅರೆದು ಕುಡಿಸಿದ್ದರು. ಗೆರೆ ಎಷ್ಟೋ ಮೇಲಕ್ಕೆ ಬಂತು, ಎಂದರೆ ಅಜ್ಜನಿಗೆ ನಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಮಿಷಿನ್ನಿನ ಜೋರನ್ನು ತಗ್ಗಿಸಿ ಅಜ್ಜನ ಕಿವಿಗೆ ಹಾಕಿದೆ.

ಮಾರ್ಯ ಅವರ ಪಕ್ಕದಲ್ಲಿ ನಿಂತು ಪತ್ರಿಕೆಯ ಒಂದು ಪುಟ ತಿರುವಿದರು. ಅಜ್ಜ ಆ ಕಡೆ ತಿರುಗಿ, ಇನ್ನೊಂದು ಪುಟ ತಿರುವಿ ಎಂದು ಬೆರಳಲ್ಲಿ ತೋರಿಸಿದರು. ಕಿವಿಗೊಟ್ಟು ಕೇಳಿದರು. ಎದ್ದು ನನ್ನ ಕೈಹಿಡಿದು, ಚಮಚಗಳನ್ನು ಮತ್ತೆ ತೆಗೆಯಬಹುದು ಎಂದು ಐಲಿಗೆ ಹೇಳುತ್ತೇನೆ ಎಂದರು. ನಾನು ಸಂತೋಷಕ್ಕೆ ಕನ್ನಡದಲ್ಲೇ ಏನೋ ಹೇಳಿದೆ. ಅವರಿಗೆ ಅರ್ಥವಾಗಿರಲಾರದು, ಆದರೂ ತಲೆಯಾಡಿಸಿದರು.

ಮಾರ್ಯ ಅವತ್ತೂ ಏನೂ ಹೇಳಲಿಲ್ಲ.

ಕೊನೆಯ ದಿನ

ಉಳಿದ ದಿನಗಳು ಕೆಲಸದಲ್ಲಿ ಕಳೆದವು. ಬರ್ಚ್ ಮರಗಳ ಎಲೆ ಹಳದಿಯಾಗಿ ಉದುರತೊಡಗಿತ್ತು. ಊರಿಂದ ಚಿಕ್ಕಪ್ಪ ದಿನವೂ ಫೋನು ಮಾಡಿ ಏನಾಯಿತು ಎಂದು ಕೇಳುತ್ತಿದ್ದರು, ಮಾರ್ಯ ಇನ್ನೂ ಏನೂ ಹೇಳಿಲ್ಲ ಎನ್ನುತ್ತಿದ್ದೆ. “ನಾಕ್ ವಾರ ಬಾಯ್ ಬಿಡ್ದೆ ಅದೆಂಗವ್ವ ಇದ್ದಾರು ಅವ್ರು?” ಎಂದು ಚಿಕ್ಕಪ್ಪನಿಗೆ ಮಾರ್ಯರ ಆರೋಗ್ಯದ ಬಗ್ಗೆಯೇ ಯೋಚನೆಯಾಗಿತ್ತು. ಹೊರಡುವ ದಿನ ಚಿಕಿತ್ಸಾಲಯದ ಅಡುಗೆಮನೆಯಲ್ಲಿ ನಾನೂ ಮಾರ್ಯರೂ ಕಾಫಿಗೆ ಕೂತೆವು. ಅವರು ಎಂದಿನಂತೆ ಕಿಟಕಿಯಾಚೆ ನೋಡುತ್ತಿದ್ದರು. ನಾನು ಸೋತೆ ಎಂದೇ ಅಂದುಕೊಂಡೆ.

“ನಿನ್ನ ಆ ಕೋಣೆಯ ಕಿಟಕಿ ಯಾವ ಕಡೆಗಿದೆ?” ಎಂದು ಕೇಳಿದರು.

ಬಸ್ ಸ್ಟ್ಯಾಂಡಿನ ಕಡೆಗೆ ಎಂದೆ.

“ಮುಚ್ಚಿಸು. ಬರೀ ಬಾಗಿಲು ಸಾಲದು, ಇಟ್ಟಿಗೆ ಇಟ್ಟು ಮುಚ್ಚಿಸಬೇಕು. ಗೂಡನ್ನು ಹಿಂದಿನ ಗೋಡೆಗೆ ತಾಗಿಸಬೇಡ, ಕೆಳಗಿನ ಅಂಗಡಿಯ ನಡುಕ ಏರುತ್ತದೆ. ಕೆಳಗೆ ರಬ್ಬರು ಹಾಸು.”

ಹೂಂ ಎಂದೆ. ಅವರು ಕಾಫಿ ಹೀರಿದರು. ನಾನು ಕಾದೆ. ಮಂಡ್ಯದವಳು ಇನ್ನೆಷ್ಟು ಹೊತ್ತು ಬಾಯಿ ಕಟ್ಟಿಕೊಂಡಿರಲಿ?

“ಹಾಗಾದರೆ ನೀವು ಅವರಿಗೆ ಹೇಳಿದಿರಾ? ನಾನು ಒಬ್ಬಳೇ ನಿಭಾಯಿಸುತ್ತೇನೆ ಎಂದು?”

ಮಾರ್ಯ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. ಅಜ್ಜ ಬಂದುಹೋದ ಸೋಮವಾರವೇ ಹೇಳಿದೆನಲ್ಲ, ಇಲ್ಲದಿದ್ದರೆ ಇಟ್ಟಿಗೆಯ ಮಾತು ಯಾಕೆ ಆಡುತ್ತಿದ್ದೆ ಎಂದರು. ಅದನ್ನು ನನಗೂ ಒಂದು ಮಾತು ಹೇಳಬೇಕು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ನಾನು ಎದ್ದು, ಅವರನ್ನೂ ಎಬ್ಬಿಸಿ ಗಟ್ಟಿಯಾಗಿ ತಬ್ಬಿಕೊಂಡು ಅತ್ತೆ. ಅವರು ಮರದ ಹಾಗೆ ನೆಟ್ಟಗೆ ನಿಂತಿದ್ದು, ಆಮೇಲೆ ನನ್ನ ಬೆನ್ನನ್ನು ಮೆಲ್ಲಗೆ ತಟ್ಟಿದರು.

ಅಲ್ಲಿಂದಲೇ ಚಿಕ್ಕಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಎಂದಿನಂತೆ ಫೋನನ್ನು ಕಿವಿಗೆ ಒತ್ತಿಹಿಡಿದರು, ಪರದೆಯ ತುಂಬ ಅವರ ಕಿವಿಯೊಂದೇ ಕಂಡಿತು. ಆ ಕಿವಿಗೇ ವಿಷಯ ಹೇಳಿದೆ. ಆ ಕಡೆ ಮೋಟರು ನಿಂತಿತು.

“ದಿಟವಾ ಮಗ?” ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅಷ್ಟರಲ್ಲಿ ಸುಮ ಫೋನು ಕಿತ್ತುಕೊಂಡಳು. ಅಪ್ಪ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಏನಾಯಿತು ಎಂದು ಕೈಯಲ್ಲಿ ಕೇಳಿದಳು. ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಎರಡೂ ಕೈಯಲ್ಲಿ ಹೇಳಿದೆ: ಮೇಲಿನ ಕೋಣೆ ನಮ್ಮದಾಯಿತು. ಕೂಸುಗಳು ಬರುತ್ತವೆ. ಬಸ್ಸಿನ ಸದ್ದು ಬರಬಾರದು, ಕಿಟಕಿ ಮುಚ್ಚಬೇಕು.

ಅವಳು ಮುಂದೆ ಕೇಳಲಿಲ್ಲ. ಫೋನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಮೆಟ್ಟಿಲು, ಗೋಡೆ, ಅವಳ ಗಲ್ಲ ಎಲ್ಲ ಪರದೆಯಲ್ಲಿ ಕುಣಿದು, ಕೊನೆಗೆ ಖಾಲಿ ಕೋಣೆ ಕಂಡಿತು. ಕಿಟಕಿಯಾಚೆ ಬಸ್ಸುಗಳು ನಿಂತಿದ್ದವು, ಕಂಡಕ್ಟರು ಮದ್ದೂರು ಮದ್ದೂರು ಎಂದು ಕೂಗುತ್ತಿದ್ದ. ಸುಮ ಫೋನನ್ನು ಗೋಡೆಗೂಡಿನಲ್ಲಿಟ್ಟು ಹೋಗಿ, ಕಿಟಕಿಯ ಎರಡೂ ಬಾಗಿಲು ಎಳೆದು ಚಿಲಕ ಹಾಕಿದಳು. ಅದಕ್ಕೆ ಬೆನ್ನು ಕೊಟ್ಟು ನಿಂತು ನನ್ನ ಕಡೆ ತಿರುಗಿ, ತನ್ನ ಕಿವಿ ಮುಟ್ಟಿ ತೋರಿಸಿ ಕೇಳಿದಳು: ಸದ್ದು ನಿಂತಿತಾ?

ಬಸ್ಸಿನ ಹಾರ್ನು, ಕಂಡಕ್ಟರನ ಕೂಗು ಎಲ್ಲ ಮೊದಲಿನಷ್ಟೇ ಜೋರಾಗಿ ಕೇಳುತ್ತಿತ್ತು. ಇಲ್ಲ ಎಂದು ತಲೆಯಾಡಿಸಿದೆ.

ಸುಮ ನಕ್ಕಳು. ಅಷ್ಟು ಹೊತ್ತಿಗೆ ಏದುಸಿರು ಬಿಡುತ್ತ ಮೇಲೆ ಬಂದಿದ್ದ ಅಪ್ಪನ ಕಡೆ ತಿರುಗಿ, ಒಂದರ ಮೇಲೊಂದು ಕೈಯಿಟ್ಟು ಇಟ್ಟಿಗೆ ತರಲು ಹೇಳಿದಳು.